ಜೂನ್ ಒಂದು ಮೇ ಮೂವತ್ತೊಂದಾದ ಕಥೆ

ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆರೆದು ಜನ್ಮದಿನಾಂಕದ ಕಾಲಂ ನೋಡಿದರೆ ಹೊಸಬರಿಗೆ ಆಶ್ಚರ್ಯವಾದೀತು. ಪುಟಕ್ಕೆ ನಾಲ್ಕಾರು ಮಕ್ಕಳು ಜೂನ್ 1ರಂದೇ ಹುಟ್ಟಿದವರು. ಚಿತ್ತವಾಡ್ಗಿಯಲ್ಲಿ ಆ ದಿನ ಹೆರಿಗೆ ಆಸ್ಪತ್ರೆ ತುಂಬಿ ತುಳುಕುತ್ತಿತ್ತೇ ಎಂದು ಕೇಳಬೇಡಿ. ಹೆತ್ತವರಿಗೆ ದಿನಾಂಕ ನೆನಪಿಲ್ಲದಿದ್ದರೆ ‘ಜೂನ್ ಒಂದು ಅಂತ ಬರ್ಕೊಳ್ರಿ ಸರ್’ ಎನ್ನುವುದು, ಶಾಲೆ ಶುರುವಾಗುವ ದಿನಕ್ಕೆ ಲೆಕ್ಕ ಸರಿಯಾಗಲೆಂದು ಮೇಷ್ಟ್ರು ಹಾಗೇ ಬರೆದುಕೊಳ್ಳುವುದು ನಮ್ಮ ಕಡೆ ಬಹುಕಾಲದಿಂದ ನಡೆದುಬಂದ ಪದ್ಧತಿ. ನನ್ನ ದಿನಾಂಕವೂ ಅದೇ. ನಮ್ಮ ತಂದೆಗೆ ನೆನಪಿದ್ದದ್ದು ‘ಕಾರಹುಣ್ಣಿಮೆ ಹಿಂದುಮುಂದು’ ಎನ್ನುವಷ್ಟು ಮಾತ್ರ.

ಈ ಹಳೆಯ ಚಟವೇ ಒಮ್ಮೆ ನಮ್ಮನ್ನು ಕಾಪಾಡಿತು ಎಂದರೆ ನೀವು ನಂಬಲಿಕ್ಕಿಲ್ಲ.

ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ಹಾಕಲು ಖಾಸಗಿಯವರೊಬ್ಬರಿಂದ ತಂತ್ರಾಂಶ ತಂದಿದ್ದೆವು. ಗುಮಾಸ್ತೆ ಹೆಣ್ಣುಮಗಳು ವಾರಗಟ್ಟಲೆ ಕುಳಿತು, ಪುಸ್ತಕ ಎದುರಿಗಿಟ್ಟುಕೊಂಡು ಒಂದೊಂದಾಗಿ ತುಂಬಿದ್ದಳು. ವಿದ್ಯಾರ್ಥಿವೇತನದ ಅರ್ಜಿಗಾಗಿ ಪಟ್ಟಿ ಅಚ್ಚಾಗಿ ಬಂತು. ನಾನು ಕನ್ನಡಕ ಏರಿಸಿ ನೋಡುತ್ತೇನೆ, ಜೂನ್ 1 ಎನ್ನುವುದು ಹುಡುಕಿದರೂ ಇಲ್ಲ. ಅದರ ಜಾಗದಲ್ಲೆಲ್ಲ ಮೇ 31 ಸಾಲುಗಟ್ಟಿ ನಿಂತಿದೆ.

‘ಏನಮ್ಮ ಇದು?’ ಎಂದೆ.

‘ನಾನು ಸರಿಯಾಗೇ ಹೊಡೆದೀನಿ ಸರ್, ಬೇಕಾದ್ರೆ ಬಂದು ನೋಡ್ರಿ’ ಎಂದಳು. ಹೋಗಿ ನೋಡಿದೆ. ಪರದೆಯ ಮೇಲೆ ಜೂನ್ 1 ಎಂದೇ ಇದೆ! ಅಚ್ಚು ಒತ್ತಿದರೆ ಮೇ 31. ಮತ್ತೆ ಒತ್ತಿದೆವು, ಮತ್ತೆ ಮೇ 31.

ಆಗ ಉಳಿದ ಸಾಲುಗಳ ಕಡೆ ಕಣ್ಣು ಹೋಯಿತು. ಆಗಸ್ಟ್ 17ರವನು ಆಗಸ್ಟ್ 16ಕ್ಕೆ ಹುಟ್ಟಿದ್ದ. ಜನವರಿ 1, 2010ರ ಹುಡುಗನೊಬ್ಬ ಡಿಸೆಂಬರ್ 31, 2009ಕ್ಕೆ ಸರಿದು ಒಂದು ವರ್ಷ ದೊಡ್ಡವನಂತೆ ಕಾಣುತ್ತಿದ್ದ. ಎಲ್ಲರೂ ಒಂದೊಂದು ದಿನ ಹಿಂದೆ. ಮಕ್ಕಳೆಲ್ಲ ನಿಜವಾದ, ಬೇರೆ ಬೇರೆ ದಿನಾಂಕದವರೇ ಆಗಿದ್ದಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಜೂನ್ 1ರ ಹಿಂಡೇ ಎದ್ದು ಪಕ್ಕಕ್ಕೆ ಹೋದದ್ದರಿಂದ ಕಳವು ಸಿಕ್ಕಿಬಿತ್ತು.

ಆದರೆ ಅಷ್ಟರಲ್ಲಿ ಒಂದು ಅರ್ಜಿ ಹೋಗಿಬಿಟ್ಟಿತ್ತು. ಕಬ್ಬು ಕಡಿಯುವ ಕೂಲಿಯವರೊಬ್ಬರ ಮಗಳದು. ಆಧಾರ್ ಚೀಟಿಯಲ್ಲಿ ಜೂನ್ 1, ಶಾಲೆಯ ಪಟ್ಟಿಯಲ್ಲಿ ಮೇ 31. ‘ದಿನಾಂಕ ತಾಳೆಯಾಗುತ್ತಿಲ್ಲ’ ಎಂದು ಅರ್ಜಿ ಹಿಂದಕ್ಕೆ ಬಂತು. ಕೊನೆಯ ದಿನಕ್ಕೆ ಎರಡೇ ದಿನ ಬಾಕಿ. ಆ ತಂದೆ ಒಂದು ದಿನದ ಕೂಲಿ ಬಿಟ್ಟು ಬಂದು ನನ್ನೆದುರು ನಿಂತು, ‘ನಮ್ದೇನಾದ್ರೂ ತಪ್ಪಾಗೈತಾ ಸರ್?’ ಎಂದು ಕೇಳಿದ. ಏನು ಹೇಳಲಿ?

ತಪ್ಪು ಯಾರದ್ದೆಂದು ತಿಳಿಯಲು ನಾನು ವಿಜ್ಞಾನದ ಮೇಷ್ಟ್ರಾಗಿಯೂ ಮೂರು ದಿನ ಬೇಕಾಯಿತು. ಆ ಮೂರು ದಿನದಲ್ಲಿ ಕಲಿತದ್ದನ್ನು ಓದುಗರೊಂದಿಗೆ ಹಂಚಿಕೊಳ್ಳೋಣ ಎಂದು ಈ ಲೇಖನ.

ಕಂಪ್ಯೂಟರಿಗೆ ನಮ್ಮ ಹಾಗೆ ‘ಬೆಳಿಗ್ಗೆ’, ‘ಸಂಜೆ’ ಎಂಬುದಿಲ್ಲ. ಅದು ಹೆಚ್ಚಾಗಿ ಒಂದು ಉದ್ದನೆಯ ಎಣಿಕೆ ಇಟ್ಟುಕೊಂಡಿರುತ್ತದೆ. 1970ರ ಜನವರಿ 1ರ ನಡುರಾತ್ರಿಯಿಂದ ಇಲ್ಲಿಯತನಕ ಎಷ್ಟು ಸೆಕೆಂಡುಗಳಾದವು ಎಂಬ ಎಣಿಕೆ. ಯಾರ ನಡುರಾತ್ರಿ? ಹಿಂದೆ ಗ್ರೀನಿಚ್ ಕಾಲ ಎನ್ನುತ್ತಿದ್ದ, ಈಗ ಯುಟಿಸಿ ಎಂದು ಕರೆಯುವ ಸಾರ್ವತ್ರಿಕ ಕಾಲದ ನಡುರಾತ್ರಿ. ಆ ಗಳಿಗೆಯಲ್ಲಿ ಚಿತ್ತವಾಡ್ಗಿಯಲ್ಲಿ ಮುಂಜಾನೆ ಐದೂವರೆ. ಕೆಲವು ಸಲ ಮೊಬೈಲಿನಲ್ಲಿ ಯಾವುದೋ ಚಿತ್ರದ ದಿನಾಂಕ ಕಳೆದುಹೋಗಿ ‘1 ಜನವರಿ 1970, 5.30’ ಎಂದು ತೋರಿಸುವುದನ್ನು ನೀವು ನೋಡಿರಬಹುದು. ಅದು ದೆವ್ವದ ಕಾಟವಲ್ಲ. ಎಣಿಕೆ ಸೊನ್ನೆಯಾಗಿದೆ, ಸೊನ್ನೆಗೆ ನಮ್ಮ ಐದೂವರೆ ಗಂಟೆ ಕೂಡಿಸಿ ತೋರಿಸಿದೆ, ಅಷ್ಟೆ.

ಹೀಗೆ ಜಗತ್ತಿಗೆಲ್ಲ ಒಂದೇ ಗಡಿಯಾರದಲ್ಲಿ ಬರೆದಿಟ್ಟು, ನೋಡುವವನ ಊರಿನ ಲೆಕ್ಕಕ್ಕೆ ಬದಲಿಸಿ ತೋರಿಸುವುದು ಒಳ್ಳೆಯ ಪದ್ಧತಿಯೇ. ನಮ್ಮ ಹವಾಮಾನ ಇಲಾಖೆಯನ್ನೇ ನೋಡಿ. ‘ಇಂದು ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳಲ್ಲಿ’ ಎಂದು ಮಳೆಯ ಸುದ್ದಿ ಶುರುವಾಗುವುದನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಎಂಟೂ ಅಲ್ಲ, ಒಂಬತ್ತೂ ಅಲ್ಲ, ಇದೇಕೆ ಎಂಟೂವರೆ? ಸಾರ್ವತ್ರಿಕ ಕಾಲದಲ್ಲಿ ಅದು ಸರಿಯಾಗಿ 3 ಗಂಟೆ. ದೇಶದೇಶಗಳ ವೀಕ್ಷಣಾಲಯಗಳು ಒಂದೇ ಗಳಿಗೆಯಲ್ಲಿ ಅಳತೆ ಮಾಡಿದರೆ ತಾನೇ ಒಂದರ ಪಕ್ಕ ಒಂದಿಟ್ಟು ನಕ್ಷೆ ಬರೆಯಲು ಸಾಧ್ಯ? ಸಂಜೆಯ ಐದೂವರೆಯ ವರದಿಯೂ ಹಾಗೆಯೇ, ಅಲ್ಲಿ 12 ಗಂಟೆ.

ಇದರಲ್ಲಿ ಹುಡುಗಾಟವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ಆ ರಾತ್ರಿ ಹನ್ನೆರಡೂವರೆಗೆ ಯಾರಾದರೂ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದರೆನ್ನಿ. ನಮಗೆ ಅದು 11ನೇ ತಾರೀಖು, ಸಾರ್ವತ್ರಿಕ ಕಾಲದಲ್ಲಿ ಇನ್ನೂ 10ನೇ ತಾರೀಖಿನ 19 ಗಂಟೆ. ಎರಡೂ ಸರಿ. ಆದರೆ ಯಾವ ಕಾಲ ಎಂದು ಬರೆಯದೆ ಬಿಟ್ಟರೆ, ಹೊಳೆಗೆ ನೀರು ಬಿಟ್ಟ ಹೊತ್ತಿಗೂ ಅದು ಕಂಪ್ಲಿ ಸೇತುವೆ ಮುಟ್ಟುವ ಹೊತ್ತಿಗೂ ಲೆಕ್ಕ ಹಾಕುವವರು ಐದೂವರೆ ಗಂಟೆ ತಪ್ಪಿದರೆ ಏನಾದೀತು, ಯೋಚಿಸಿ.

ಸರಿ, ನಮ್ಮ ಜೂನ್ 1ಕ್ಕೆ ಬರೋಣ. ಗುಮಾಸ್ತೆ ಬರೆದದ್ದು ಬರೀ ದಿನಾಂಕ. ಆದರೆ ತಂತ್ರಾಂಶ ಮಾಡಿದ ಹುಡುಗರು ಆ ಜಾಗದಲ್ಲಿ ದಿನಾಂಕ ಮತ್ತು ವೇಳೆ ಎರಡನ್ನೂ ಹಿಡಿಯುವ ಕಾಲಂ ಇಟ್ಟಿದ್ದರು. ವೇಳೆ ಕೊಡಲಿಲ್ಲವಲ್ಲ, ಯಂತ್ರ ತಾನೇ ರಾತ್ರಿ 12 ಎಂದು ತುಂಬಿಕೊಂಡಿತು. ಭಾರತದ ಜೂನ್ 1ರ ರಾತ್ರಿ 12 ಎಂದರೆ ಸಾರ್ವತ್ರಿಕ ಕಾಲದಲ್ಲಿ ಮೇ 31ರ ಸಂಜೆ ಆರೂವರೆ. ಹಾಗೇ ಬರೆದಿಟ್ಟಿತು. ನಮ್ಮ ಶಾಲೆಯ ಪರದೆ ಐದೂವರೆ ಗಂಟೆ ಕೂಡಿಸಿ ಮತ್ತೆ ಜೂನ್ 1 ಎಂದು ತೋರಿಸುತ್ತಿತ್ತು. ಪಟ್ಟಿ ಅಚ್ಚು ಹಾಕುವುದು ಮಾತ್ರ ಎಲ್ಲೋ ದೂರದ ಯಂತ್ರ, ಅದರ ಗಡಿಯಾರ ಸಾರ್ವತ್ರಿಕ ಕಾಲದ್ದು. ಅದು ವೇಳೆಯನ್ನು ಕತ್ತರಿಸಿ ಎಸೆದು ಮೇ 31 ಎಂಬುದನ್ನಷ್ಟೇ ಉಳಿಸಿಕೊಂಡಿತು. ಗುಮಾಸ್ತೆ ಹೇಳಿದ್ದೂ ನಿಜ, ಪಟ್ಟಿ ಹೇಳಿದ್ದೂ ಅದರ ಮಟ್ಟಿಗೆ ನಿಜ.

ಫೋನು ಮಾಡಿದಾಗ ತಂತ್ರಾಂಶದ ಹುಡುಗ ‘ಅಷ್ಟೇನಾ ಸರ್, ಎಲ್ಲದಕ್ಕೂ ಒಂದು ದಿನ ಕೂಡಿಸ್ತೀನಿ’ ಎಂದ. ಕೂಡಿಸಿದ. ಪಟ್ಟಿ ಸರಿಯಾಯಿತು. ಪರದೆಯ ಮೇಲೆ ಎಲ್ಲರೂ ಜೂನ್ 2ಕ್ಕೆ ಹುಟ್ಟಿದರು! ಎರಡನೆಯ ಸಲ ಅವನಿಗೆ ನಾನೇ ಹೇಳಬೇಕಾಯಿತು: ಹುಟ್ಟಿದ ದಿನಾಂಕ ಎನ್ನುವುದು ಒಂದು ಗಳಿಗೆಯಲ್ಲಪ್ಪ, ಅದು ಕ್ಯಾಲೆಂಡರಿನ ಒಂದು ಮನೆ. ಆ ಮಗು ಅಮೆರಿಕಕ್ಕೆ ಹೋದರೂ ಅದರ ಹುಟ್ಟುಹಬ್ಬ ಜೂನ್ 1 ತಾನೇ? ಅದಕ್ಕೆ ವೇಳೆಯೂ ಬೇಡ, ವಲಯವೂ ಬೇಡ. ಬರೀ ದಿನಾಂಕ ಹಿಡಿಯುವ ಕಾಲಂ ಹೆಚ್ಚಿನ ದತ್ತಾಂಶ ಸಂಗ್ರಹಗಳಲ್ಲಿ ಇರುತ್ತದೆ, ಅದನ್ನು ಹಾಕು. ಅವನು ಸುಮ್ಮನಾಗಿ, ‘ಹೌದಲ್ಲ ಸರ್’ ಎಂದ. ಹುಡುಗ ಒಳ್ಳೆಯವನು. ಆ ರಾತ್ರಿಯೇ ಕುಳಿತು ಬದಲಿಸಿಕೊಟ್ಟ. ಕೊನೆಯ ದಿನ ಮಧ್ಯಾಹ್ನ ಅರ್ಜಿ ಮತ್ತೆ ಹೋಯಿತು.

ಈ ಐದೂವರೆ ಎಂಬ ಅರ್ಧ ಗಂಟೆಯ ತಾಪತ್ರಯ ನಮಗೇ ಏಕೆ ಗಂಟುಬಿತ್ತು ಎಂದು ಮಕ್ಕಳು ಕೇಳುತ್ತಾರೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ, ಅಂದರೆ ಡಿಗ್ರಿಗೆ 4 ನಿಮಿಷ. ಭಾರತದ ಕಾಲವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದಿಂದ ಅಳೆಯುತ್ತಾರೆ. ನಾಲ್ಕರಿಂದ ಗುಣಿಸಿ, 330 ನಿಮಿಷ, ಐದೂವರೆ ಗಂಟೆ. ಹೊಸಪೇಟೆ ಇರುವುದು ಸುಮಾರು 76.4 ಡಿಗ್ರಿಯಲ್ಲಿ. ವ್ಯತ್ಯಾಸ ಆರು ಡಿಗ್ರಿಗೆ ತುಸು ಹೆಚ್ಚು, ಅಂದರೆ 24 ನಿಮಿಷ ಚಿಲ್ಲರೆ. ಕೈಗಡಿಯಾರ ಹನ್ನೆರಡು ಹೊಡೆದಾಗ ನಮ್ಮೂರ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಮಕ್ಕಳಿಂದ ಗುರುತು ಹಾಕಿಸುವುದು ನನ್ನ ಹಳೆಯ ಹವ್ಯಾಸ. ವರ್ಷದ ಸರಾಸರಿ ಅದು 12.24ರ ಆಸುಪಾಸು. ನವೆಂಬರ್ ಮೊದಲಲ್ಲಿ 12.08ಕ್ಕೇ ಆಗುತ್ತದೆ, ಫೆಬ್ರವರಿ ನಡುವಿನಲ್ಲಿ 12.38 ದಾಟುತ್ತದೆ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅದರ ಅಕ್ಷ ಓರೆಯಾಗಿದೆ, ಅದರ ಫಲ ಇದು.

ಇಪ್ಪತ್ತನಾಲ್ಕು ನಿಮಿಷ ಎಂದೊಡನೆ ಹಿರಿಯರಿಗೆ ನೆನಪಾಗಬೇಕು. ದಿನಕ್ಕೆ 60 ಘಟಿ, ಒಂದು ಘಟಿಗೆ 24 ನಿಮಿಷ. ನಾವು ದೇಶದ ಗಡಿಯಾರಕ್ಕಿಂತ ಸರಿಸುಮಾರು ಒಂದು ಘಟಿ ಹಿಂದಿದ್ದೇವೆ. ಹಳೆಯ ಜಾತಕಗಳಲ್ಲಿ ‘ಸೂರ್ಯೋದಯಾದಿ ಗತ ಘಟಿ ಇಷ್ಟು’ ಎಂದು ಬರೆಯುತ್ತಿದ್ದರು. ಜಾತಕದ ಫಲದ ಬಗ್ಗೆ ನನ್ನದು ತಕರಾರಿದೆ, ಆದರೆ ಆ ಬರವಣಿಗೆಯ ಬಗ್ಗೆ ಇಲ್ಲ. ಊರಿನ ಹೆಸರು ಗೊತ್ತಿದ್ದರೆ ಸಾಕು, ಯಾವ ಸರ್ಕಾರದ ಯಾವ ಗಡಿಯಾರ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಗಡಿಯಾರಗಳು ಬಂದ ಮೇಲೆ ಪ್ರಶ್ನೆ ಎದ್ದಿತು. ರೈಲು ಬಂದಾಗ ಹೊಸಪೇಟೆ ಬಳ್ಳಾರಿ ಜಿಲ್ಲೆಯೊಂದಿಗೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ರೈಲಿಗೆ ಮದರಾಸು ವೀಕ್ಷಣಾಲಯದ ಕಾಲ, ಗ್ರೀನಿಚ್‌ಗಿಂತ ಸುಮಾರು 5 ಗಂಟೆ 21 ನಿಮಿಷ ಮುಂದೆ. ನಮ್ಮ ಬಿಸಿಲಿನ ಕಾಲಕ್ಕಿಂತ ಅದು ಕಾಲು ಗಂಟೆ ಮುಂದೆ. ಬಿಸಿಲು ನೋಡಿ ಹೊರಟವನಿಗೆ ರೈಲು ತಪ್ಪುತ್ತಿತ್ತೆನ್ನಿ. ಬೊಂಬಾಯಿಗೆ ಬೇರೆ ಕಾಲ, ಕಲ್ಕತ್ತೆಗೆ ಬೇರೆ. 1906ರ ಜನವರಿ 1ರಿಂದ ಈಗಿನ ಭಾರತೀಯ ಕಾಲಮಾನ ಜಾರಿಗೆ ಬಂತು. ಕಲ್ಕತ್ತೆ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ಹಳೆಯ ಗಡಿಯಾರವನ್ನು ಪೂರ್ತಿ ಬಿಟ್ಟಿರಲಿಲ್ಲ.

ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪಾಶ್ಚಾತ್ಯರ ಪದ್ಧತಿ ನಮ್ಮಲ್ಲೂ ಇತ್ತು, ಯುದ್ಧಕಾಲದಲ್ಲಿ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ 15ರವರೆಗೆ ಇಡೀ ದೇಶದ ಗಡಿಯಾರ ಬೇಸಿಗೆ ಚಳಿಗಾಲವೆನ್ನದೆ ಒಂದು ಗಂಟೆ ಮುಂದಿತ್ತು. ನಮ್ಮ ಸೋದರಮಾವ 1944ರಲ್ಲಿ ಹುಟ್ಟಿದವರು. ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ‘ಬೆಳಿಗ್ಗೆ 7 ಘಂಟೆ 10 ಮಿನಿಟು’ ಎಂದಿದೆ. ಈಗಿನ ಲೆಕ್ಕಕ್ಕೆ ಅದು 6.10. ಈ ಹಳೆಯ ಕಥೆ ಗೊತ್ತಿರುವ ತಂತ್ರಾಂಶ ಒಂದು ಗಂಟೆ ಕಳೆಯುತ್ತದೆ, ‘ಭಾರತ ಎಂದರೆ ಯಾವಾಗಲೂ ಐದೂವರೆ’ ಎಂದು ಗಟ್ಟಿಮಾಡಿಟ್ಟುಕೊಂಡದ್ದು ಕಳೆಯುವುದಿಲ್ಲ.

ಅಮೆರಿಕದಲ್ಲಿ ಇದು ಇಂದಿಗೂ ವರ್ಷಕ್ಕೆ ಎರಡು ಸಲದ ಆಟ. 2007ರಿಂದ ಅವರ ನಿಯಮ ಹೀಗಿದೆ: ಮಾರ್ಚ್ ಎರಡನೆಯ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ 3ಕ್ಕೆ ಜಿಗಿಯುತ್ತದೆ, ನವೆಂಬರ್ ಮೊದಲ ಭಾನುವಾರ 2 ಗಂಟೆಯಾದಾಗ ಮತ್ತೆ 1ಕ್ಕೆ ಬರುತ್ತದೆ. ಎಂದರೆ ಮಾರ್ಚಿನ ಆ ದಿನ ಎರಡೂವರೆ ಗಂಟೆ ಎಂಬುದೇ ಇಲ್ಲ. ನವೆಂಬರಿನ ಆ ದಿನ ಒಂದೂವರೆ ಗಂಟೆ ಎರಡು ಸಲ ಬರುತ್ತದೆ.

ನಮ್ಮಿಂದ ನಿವೃತ್ತರಾದ ಹಿಂದಿ ಮೇಡಂ ಒಬ್ಬರ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳಿಗೆ ಗಂಡುಮಗು ಹುಟ್ಟಿದ್ದು 2023ರ ನವೆಂಬರ್ 5, ಭಾನುವಾರ, ನಸುಕಿನ 1.40ಕ್ಕೆ. ಆಸ್ಪತ್ರೆಯವರು ಬರೆದದ್ದು ಅಷ್ಟೇ. ಮೇಡಂ ಜಾತಕ ಬರೆಸಲು ಜೋಯಿಸರ ಬಳಿ ಹೋದರು. ಅವರ ಬಳಿಯೂ ಈಗ ಕಂಪ್ಯೂಟರ್ ಇದೆಯಷ್ಟೆ. ಅದು ‘ಈ ವೇಳೆ ಎರಡು ಸಲ ಬರುತ್ತದೆ, ಯಾವುದು?’ ಎಂದು ಕೇಳಿತು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವಂಥದ್ದು, ಒಂದು ಗಂಟೆ ಎಂದರೆ ಅವರಿಗೆ ದೊಡ್ಡ ಮಾತು. ಮೇಡಂ ಕಣ್ಣೀರು ತುಂಬಿಕೊಂಡು ನನ್ನ ಬಳಿ ಬಂದರು. ‘ನೀವು ಇದನ್ನೆಲ್ಲ ನಂಬಲ್ಲ ಅಂತ ಗೊತ್ತು ಮೇಷ್ಟ್ರೇ, ಆದ್ರೆ ನನ್ನ ಮೊಮ್ಮಗ ಯಾವಾಗ ಹುಟ್ಟಿದ ಅನ್ನೋದಾದ್ರೂ ನನಗೆ ಗೊತ್ತಾಗ್ಬೇಕಲ್ಲ’ ಎಂದರು. ಆ ಮಾತು ನ್ಯಾಯವಾದದ್ದೇ. ಮಗಳಿಗೆ ಹೆರಿಗೆಯ ನೋವಿನಲ್ಲಿ ಗಡಿಯಾರದ ಪರಿವೆಯಿಲ್ಲ, ಅಳಿಯನಿಗೆ ಗಾಬರಿಯಲ್ಲಿ ನೆನಪಿಲ್ಲ.

‘ಸುದ್ದಿ ನಿಮಗೆ ಹೇಗೆ ಬಂತು?’ ಎಂದು ಕೇಳಿದೆ.

‘ವಾಟ್ಸಾಪಿನಲ್ಲಿ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಳ್ತಾ ಇದ್ದೆ.’

ಮೊಬೈಲು ತೆಗೆಸಿ ಹಿಂದಕ್ಕೆ ಎಳೆಯುತ್ತಾ ಹೋದೆವು. ಅಳಿಯನ ‘ಗಂಡು ಮಗು, ಇಬ್ಬರೂ ಆರಾಮ’ ಎಂಬ ಸಂದೇಶ ಸಿಕ್ಕಿತು, ಮಧ್ಯಾಹ್ನ 2.22ಕ್ಕೆ. ನಮ್ಮ 2.22ರಿಂದ ಐದೂವರೆ ಕಳೆದರೆ ಸಾರ್ವತ್ರಿಕ ಕಾಲ 8.52. ಕ್ಯಾಲಿಫೋರ್ನಿಯಾದ ಬೇಸಿಗೆ ಗಡಿಯಾರ ಅದಕ್ಕಿಂತ 7 ಗಂಟೆ ಹಿಂದೆ, ಎಂದರೆ ಅಲ್ಲಿ ಮೊದಲ ಸಲದ 1.52. ಎರಡನೆಯ 1.40 ನಮ್ಮ 3.10ಕ್ಕೆ ಆಗುತ್ತಿತ್ತು. ಮಗು ಹುಟ್ಟುವ ಮುಂಚೆ ಅಳಿಯ ‘ಗಂಡು’ ಎಂದು ಹೇಳಲಾರನಷ್ಟೆ! ಮಗು ಹುಟ್ಟಿದ್ದು ಮೊದಲನೆಯ 1.40ಕ್ಕೆ, ಭಾರತದ ಮಧ್ಯಾಹ್ನ 2.10ಕ್ಕೆ. ಮೇಡಂ ಮುಖ ಅರಳಿತು. ಆಸ್ಪತ್ರೆಯ ಚೀಟಿ ಗೋಡೆ ಗಡಿಯಾರ ನೋಡಿ ಬರೆದದ್ದು, ಮೊಬೈಲು ಎಣಿಕೆಯನ್ನು ಇಟ್ಟುಕೊಂಡಿತ್ತು. ಎಣಿಕೆ ಎರಡು ಸಲ ಬರುವುದಿಲ್ಲ. ಅದೇ ರಾತ್ರಿ ಅವಳಿ ಮಕ್ಕಳಾಗಿದ್ದು, ಮೊದಲನೆಯದು 1.50ಕ್ಕೆ, ಕಾಲು ಗಂಟೆ ಬಿಟ್ಟು ಎರಡನೆಯದು ಹುಟ್ಟಿದ್ದರೆ, ಚೀಟಿಯಲ್ಲಿ ತಮ್ಮನದು 1.05 ಆಗಿ ಅವನೇ ಅಣ್ಣನಾಗುತ್ತಿದ್ದ.

ಹಾಗಾದರೆ ಎಲ್ಲವನ್ನೂ ಸಾರ್ವತ್ರಿಕ ಕಾಲದಲ್ಲೇ ಇಟ್ಟುಬಿಟ್ಟರಾಯಿತಲ್ಲ ಎನ್ನುತ್ತೀರಿ. ಆಗಿಹೋದ ಘಟನೆಗೆ ಅದು ಸರಿ. ಆಗಬೇಕಾದ್ದಕ್ಕೆ ಸಾಲದು. ಅಮೆರಿಕದ ಮಕ್ಕಳಿಗೆ ಇಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ 8ಕ್ಕೆ ಕನ್ನಡ ಪಾಠ ಹೇಳುತ್ತೀರೆನ್ನಿ. ಕ್ಯಾಲಿಫೋರ್ನಿಯಾದಲ್ಲಿ ಅದು ಶನಿವಾರ ಸಂಜೆ ಏಳೂವರೆ. ನವೆಂಬರ್ ಬಂದೊಡನೆ ಆರೂವರೆ. ಯಾರ ಗಡಿಯಾರಕ್ಕೆ ಪಾಠವನ್ನು ಕಟ್ಟಿಹಾಕಿದ್ದೀರಿ ಎಂಬುದು ದಾಖಲೆಯಲ್ಲಿರಬೇಕು. ‘7 ಗಂಟೆ ಹಿಂದೆ’ ಎಂದು ಅಂಕಿ ಬರೆದಿಟ್ಟರೆ ಉಪಯೋಗವಿಲ್ಲ, ಅಂಕಿ ಬದಲಾಗುತ್ತದೆ. ಸ್ಥಳದ ಹೆಸರು ಬರೆದಿಡಬೇಕು, ನಿಯಮ ಬದಲಾದಾಗ ಯಂತ್ರ ಹೊಸ ನಿಯಮ ನೋಡಿಕೊಳ್ಳುತ್ತದೆ.

ನಿಯಮ ಬದಲಿಸುವವರು ಸರ್ಕಾರದವರು, ಅವರಿಗೆ ಗಡಿಯಾರದವರ ಕಷ್ಟ ಗೊತ್ತಿಲ್ಲ. ಪೆಸಿಫಿಕ್ ಸಾಗರದ ಸಮೋವಾ ದೇಶ 2011ರಲ್ಲಿ ಡಿಸೆಂಬರ್ 30 ಎಂಬ ದಿನವನ್ನೇ ಹಾರಿಸಿಬಿಟ್ಟಿತು. ಲೆಬನಾನ್ 2023ರ ಮಾರ್ಚಿನಲ್ಲಿ ಎರಡು ದಿನ ಮುಂಚೆ ಆದೇಶ ಬದಲಿಸಿ, ಕೆಲವರು ಒಪ್ಪದೆ, ಒಂದೇ ದೇಶದಲ್ಲಿ ಕೆಲ ದಿನ ಎರಡು ಗಡಿಯಾರ ನಡೆದವು. ಇವನ್ನೆಲ್ಲ ಬರೆದಿಡುವ ಪಟ್ಟಿಯೊಂದಿದೆ. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಶುರು ಮಾಡಿದ್ದು, ಆಮೇಲೆ ಪಾಲ್ ಎಗರ್ಟ್ ನೋಡಿಕೊಂಡು ಬಂದಿದ್ದಾರೆ. ಜಗತ್ತಿನ ಬಹುಪಾಲು ಕಂಪ್ಯೂಟರು ಮೊಬೈಲುಗಳು ನೋಡುವುದು ಇದನ್ನೇ. ಅದರಲ್ಲಿ ನಮ್ಮ ಹೆಸರು ‘ಏಷ್ಯಾ/ಕೋಲ್ಕತಾ’. ಮದರಾಸು ಕಾಲ, ಯುದ್ಧಕಾಲದ ಆ ಒಂದು ಗಂಟೆ ಎಲ್ಲವೂ ಆ ಹೆಸರಿನ ಕೆಳಗಿದೆ. ಬೆಂಗಳೂರಿನ ಎಂಜಿನಿಯರುಗಳು ದಿನವೂ ಕೋಲ್ಕತಾ ಎಂದು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ನಮ್ಮ ಗುಮಾಸ್ತೆ ಮೊದಲು ಅದನ್ನು ನೋಡಿ ‘ನಾವು ಬಂಗಾಳದವರಲ್ಲ’ ಎಂದು ಬೇರೇನೋ ಆರಿಸಲು ಹೋಗಿದ್ದಳು, ನಾನೇ ತಡೆದೆ.

ಇನ್ನೊಂದು ಗಂಡಾಂತರ ದೂರದಲ್ಲಿದೆ. ಸೆಕೆಂಡುಗಳ ಆ ಎಣಿಕೆಯನ್ನು ಹಳೆಯ ಯಂತ್ರಗಳು ಚಿಕ್ಕ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿವೆ. 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಅದು ತುಂಬುತ್ತದೆ. ಬದಲಿಸದ ಯಂತ್ರಗಳು ಆ ಮೇಲೆ 1901ಕ್ಕೆ ಹಿಂದಿರುಗುತ್ತವೆ. ಆ ಹೊತ್ತಿಗೆ ನಾನು ನಿವೃತ್ತನಾಗಿ ಬಹಳ ವರ್ಷವಾಗಿರುತ್ತದೆ.

ಆ ಹುಡುಗಿಗೆ ವಿದ್ಯಾರ್ಥಿವೇತನ ಬಂತು. ಹಣ ಜಮೆಯಾದ ಚೀಟಿ ತೋರಿಸಲು ಅವಳ ತಾಯಿಯೂ ಜೊತೆಗೆ ಬಂದಿದ್ದರು. ಜೂನ್ 1ರ ಕಥೆಯನ್ನೆಲ್ಲ ಕೇಳಿ ಆಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ‘ಇಕಿ ಹುಟ್ಟಿದ್ದು ದೀಪಾವಳಿ ಪಾಡ್ಯದ ದಿನ ಸರ್. ಶಾಲೆಗೆ ಹಾಕೋವಾಗ ನೀವೇ ಯಾರೋ ಜೂನ್ ಒಂದು ಅಂತ ಬರಕೊಂಡ್ರಿ.’

ಹುಡುಗಿ ನನ್ನ ಮುಖ ನೋಡಿದಳು. ದಾಖಲಾತಿ ಪುಸ್ತಕ ಮೇಜಿನ ಮೇಲೇ ಇತ್ತು. ತೆರೆದು ನೋಡುವ ಧೈರ್ಯ ನನಗಾಗಲಿಲ್ಲ, ಅಕ್ಷರ ಯಾರದ್ದೋ ಏನೋ.